ಮೂರು ಜನ, ಒಂದು ಕಲ್ಲು

ಮಗಳನ್ನು ಸ್ಯಾನ್ ಡಿಯಾಗೋದ ಯೂನಿವರ್ಸಿಟಿಗೆ ಬಿಟ್ಟುಬರುವ ದಿನಕ್ಕೆ ನಾವು ಊರು ನೋಡುವ ದಿನ ಎಂದು ಹೆಸರಿಟ್ಟಿದ್ದೆವು. ಸಾಮಾನನ್ನೆಲ್ಲ ಹಿಂದಿನ ವಾರವೇ ಹಾಸ್ಟೆಲಿಗೆ ಸಾಗಿಸಿಯಾಗಿತ್ತು. ಇನ್ನು ಸಾಗಿಸಬೇಕಾದದ್ದು ಅವಳನ್ನೇ. ಬೆಂಗಳೂರಿನಿಂದ ಬಂದಿದ್ದ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಮೊಮ್ಮಗಳು ಇರುವ ಜಾಗ ನೋಡದೆ ವಾಪಸ್ ವಿಮಾನ ಹತ್ತುವುದಿಲ್ಲ ಎಂದಿದ್ದರು. ಹಾಗಾಗಿ ಬೆಳಗ್ಗೆ ಲಾಸ್ ಏಂಜಲೀಸಿನ ಹಳೇ ಪೇಟೆ, ಅಲ್ಲಿಂದ ರೈಲು, ಮಧ್ಯಾಹ್ನ ಸ್ಯಾನ್ ಡಿಯಾಗೋದ ಓಲ್ಡ್ ಟೌನ್, ಸಂಜೆ ಹಾಸ್ಟೆಲ್ ಎಂದು ಯೋಜನೆ ಹಾಕಿದೆ. ಇಷ್ಟು ಇತಿಹಾಸದ ನಡುವೆ ಬೀಳ್ಕೊಡುವುದು ಅಷ್ಟಾಗಿ ಗೊತ್ತಾಗದು ಎಂಬುದು ನನ್ನ ಲೆಕ್ಕಾಚಾರ.

ಚಿಂತೆ ಮಾಡುವುದರಲ್ಲಿ ನಾನು ಪಳಗಿದ ಕೈ. ವುಡ್‌ಲ್ಯಾಂಡ್ ಹಿಲ್ಸ್‌ನ ಮನೆಯಿಂದ ಹೊರಡುವಾಗ ಒಲೆ ಆರಿದೆಯೇ ಎಂದು ನೋಡಿ, ಕಾರು ಹತ್ತಿ, ಇಳಿದು, ಮತ್ತೆ ನೋಡಿದೆ. ರೈಲು ತಪ್ಪುವುದು, ಅತ್ತೆಯ ಮಂಡಿ ಹಿಡಿದುಕೊಳ್ಳುವುದು, ಭೂಕಂಪ, ಎಲ್ಲಕ್ಕೂ ತಯಾರಾಗಿದ್ದೆ. ಹೆಂಡತಿಗೆ ಆಫೀಸಿನಿಂದ ಫೋನ್ ಬರಬಹುದೆಂಬುದು ಮಾತ್ರ ತಲೆಗೆ ಹೊಳೆದಿರಲಿಲ್ಲ.

ಫೋನ್ ಬಂದಾಗ ನಾವು ಲಾಸ್ ಏಂಜಲೀಸಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಮನೆಯ ಅಂಗಳದಲ್ಲಿದ್ದೆವು. ಮಣ್ಣಿನ ಇಟ್ಟಿಗೆಯ ಮನೆ, ಇನ್ನೂರು ವರ್ಷದ್ದು ಎಂದು ಮಗಳು ವಿವರಿಸುತ್ತಿದ್ದಳು. ತಮ್ಮ ತವರಿನ ಹಿತ್ತಲ ನೀರಿನ ತೊಟ್ಟಿ ಇದಕ್ಕಿಂತ ಹಳೆಯದು, ಅದರಲ್ಲಿ ಎಮ್ಮೆ ನೀರು ಕುಡಿಯುತ್ತಿತ್ತು, ಯಾರೂ ಬೋರ್ಡು ಹಾಕಿರಲಿಲ್ಲ ಎಂದು ಅತ್ತೆ ತಿರುಗೇಟು ಕೊಟ್ಟರು. ಅಷ್ಟರಲ್ಲಿ ಪೊಮೊನಾದ ಆಫೀಸಿನಲ್ಲಿ ಯಾವುದೋ ಸರ್ವರ್ ಕೈಕೊಟ್ಟಿತ್ತು. ಹೆಂಡತಿ ಮಗಳನ್ನು ತಬ್ಬಿಕೊಂಡು, ಶನಿವಾರ ಬರುತ್ತೇನೆಂದು ಹೇಳಿ, ಕಾರು ತೆಗೆದುಕೊಂಡು ಹೋದಳು.

ಅತ್ತೆ ಬೆಂಚಿನ ಮೇಲೆ ಕೂತುಬಿಟ್ಟರು.

"ಮೂರು ಜನ ಆಗ್ಬಿಟ್ವಲ್ಲ ಅಳಿಯಂದ್ರೇ. ಮೂರು ಜನ ಹೊರಡೋ ಹಾಗಿಲ್ಲ."

ನಗಲು ತೆರೆದ ಬಾಯಿಯನ್ನು ಮುಚ್ಚಿಕೊಂಡೆ. ಬಹಳ ಹಿಂದೆ ಅತ್ತೆ, ಮಾವ ಮತ್ತು ಅತ್ತೆಯ ತಮ್ಮ, ಮೂವರೇ ಮೇಲುಕೋಟೆಗೆ ಹೊರಟಿದ್ದರು. ದಾರಿಯಲ್ಲಿ, ಬಸ್ಸಿನಲ್ಲೇ, ಮಾವನವರ ಹೃದಯ ನಿಂತಿತು. ವಾಪಸ್ ಬಂದದ್ದು ಇಬ್ಬರು. ಅತ್ತೆ ಈ ಕತೆಯನ್ನು ಎಂದೂ ಎತ್ತುವುದಿಲ್ಲ. ಮೂವರ ಪ್ರಯಾಣ ಎದುರಾದರೆ ಹೀಗೆ ಕೂತುಬಿಡುತ್ತಾರೆ, ಅಷ್ಟೆ.

ಇದಕ್ಕೆ ಪರಿಹಾರವೂ ಉಂಟು. ಒಂದು ಕಲ್ಲನ್ನು ಜೊತೆಗಿಟ್ಟುಕೊಂಡರೆ ಅದು ನಾಲ್ಕನೆಯವರ ಲೆಕ್ಕಕ್ಕೆ ಬರುತ್ತದೆ. ಊರು ತಲುಪಿದ ಮೇಲೆ ಬಿಸಾಡಿದರಾಯಿತು. ಇಷ್ಟು ದೊಡ್ಡ ಊರಿನಲ್ಲಿ ಒಂದು ಕಲ್ಲಿಗೆ ಬರವೇ ಎಂದು ಹುಡುಕಿದೆ. ಬೀದಿಯೆಲ್ಲ ಇಟ್ಟಿಗೆ, ಫುಟ್‌ಪಾತೆಲ್ಲ ಸಿಮೆಂಟು. ಕಲ್ಲಿದ್ದದ್ದು ಅದೇ ಅಂಗಳದ ಕಳ್ಳಿಗಿಡಗಳ ಬುಡದಲ್ಲಿ. ಪಕ್ಕದಲ್ಲೇ ಏನನ್ನೂ ಮುಟ್ಟಬೇಡಿ ಎಂಬ ಫಲಕ. ಗ್ರೀನ್ ಕಾರ್ಡ್ ಬಂದು ಇಷ್ಟು ಕಾಲವಾದರೂ ಪೊಲೀಸರನ್ನು ಕಂಡರೆ ಜೇಬು ಮುಟ್ಟಿಕೊಳ್ಳುವ ಜಾತಿ ನನ್ನದು. ಶೂ ಲೇಸು ಕಟ್ಟುವವನಂತೆ ಕುಕ್ಕರಿಸಿ, ಗೋಲಿಯಷ್ಟು ದಪ್ಪದ್ದೊಂದನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡೆ. ನನ್ನ ಶೂಗೆ ಲೇಸೇ ಇಲ್ಲವೆಂದು ಮಗಳು ಇಂಗ್ಲಿಷಿನಲ್ಲಿ ನೆನಪಿಸಿದಳು.

ಅತ್ತೆ ಅದನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡು ನಿಶ್ಚಿಂತೆಯಿಂದ ರೈಲು ಹತ್ತಿದರು. ಮೊಮ್ಮಗಳಿಗೆ ಚಪಾತಿ ಸುತ್ತಿ ಕೊಟ್ಟರು, ಬಲಗಡೆ ಸಮುದ್ರ ಬಂದಾಗ ಕೈ ಮುಗಿದರು. ನಾನು ಎದುರು ಸೀಟಿನಲ್ಲಿ ಕೂತು ಸುಮ್ಮನೆ ಲೆಕ್ಕ ಹಾಕಿದೆ: ಹೋಗುವಾಗ ಮೂವರು, ಬರುವಾಗ ಇಬ್ಬರು. ಲೆಕ್ಕ ಮುಗಿಯುವ ಹೊತ್ತಿಗೆ ನನ್ನ ಪಾಲಿನ ಚಪಾತಿಯನ್ನು ಹಾಗೇ ಡಬ್ಬಿಗೆ ಹಾಕಿದೆ. ಇಂಥದ್ದನ್ನೆಲ್ಲ ನಾನು ನಂಬುವವನಲ್ಲ. ಆದರೆ ಚಿಂತೆಗೆ ನಂಬಿಕೆಯೇನೂ ಬೇಕಾಗಿಲ್ಲ.

ಓಲ್ಡ್ ಟೌನಿನಲ್ಲಿ ಇಳಿದೊಡನೆ ಅತ್ತೆ ಗಂಟು ಬಿಚ್ಚಿ ಕಲ್ಲನ್ನು ಒಂದು ಮರದ ಬುಡಕ್ಕೆ ಎಸೆದರು. ಅಲ್ಲಿ ಕಮ್ಮಾರನ ಕುಲುಮೆ, ಕುದುರೆಗಾಡಿಗಳು, ಹಳೆಯ ಶಾಲೆ ಎಲ್ಲ ಇದ್ದವು. ನಾನು ಯಾವುದನ್ನೂ ಸರಿಯಾಗಿ ನೋಡಲಿಲ್ಲ. ಮಗಳು ರಸ್ತೆ ದಾಟುವುದನ್ನು ನೋಡುತ್ತಿದ್ದೆ.

ಸಂಜೆ ಯೂನಿವರ್ಸಿಟಿಯಿರುವ ಟೊರ್ರಿ ಪೈನ್ಸ್ ಕಡೆಯ ಹಾಸ್ಟೆಲಿನಲ್ಲಿ ಅತ್ತೆ ಮೊಮ್ಮಗಳ ಹಾಸಿಗೆ ಒತ್ತಿ ನೋಡಿ, ಕಿಟಕಿ ತೆರೆದು ಮುಚ್ಚಿ, ಪರವಾಗಿಲ್ಲ ಎಂದರು. ಬಾಗಿಲ ಬಳಿ ನಾನು ತಡೆಯಲಾರದೆ ಹೇಳಿದೆ.

"ಇವತ್ತೊಂದಿನ ನಮ್ಮ ಜೊತೆ ಬಂದ್ಬಿಡು. ನಾಳೆ ನಾನೇ ಕಾರಲ್ಲಿ ತಂದು ಬಿಡ್ತೀನಿ."

"ಅಪ್ಪಾ, ಆರ್ ಯು ಸೀರಿಯಸ್?"

ಅತ್ತೆ ನನ್ನ ಮುಖ ನೋಡಿದರು. ರೈಲಿನಲ್ಲಿ ನಾನು ಹಾಕಿದ ಲೆಕ್ಕ ಅವರಿಗೆ ತಿಳಿದಿರಬೇಕು. ಆ ಲೆಕ್ಕ ನನಗಿಂತ ಅವರಿಗೇ ಹಳೆಯದು.

"ಅದು ಹಾಗಲ್ಲ ಅಳಿಯಂದ್ರೇ," ಎಂದರು ಮೆಲ್ಲಗೆ. "ಅವರು ದಾರೀಲಿ ಹೋದ್ರು. ಇವಳು ಬಂದು ಸೇರಿದಾಳೆ. ನಡೀರಿ, ರೈಲು ಹೊರಟುಹೋಗತ್ತೆ."

ಮಗಳಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಅಜ್ಜಿಯ ಕಾಲು ಮುಟ್ಟಿ ನಮಸ್ಕರಿಸಿದಳು. ಹಬ್ಬದ ದಿನವೂ ಹೇಳಿಸಿಕೊಂಡು ಮಾಡುವ ಹುಡುಗಿ. ರೂಮಿನ ಬೀಗ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಬೇಕೆಂದು ಬೆಳಗಿನಿಂದ ಅಂದುಕೊಂಡಿದ್ದೆ. ಪರೀಕ್ಷಿಸಲಿಲ್ಲ. ಬಾಗಿಲನ್ನು ಹೊರಗಿನಿಂದ ಎಳೆದುಕೊಂಡೆ. ಒಳಗಿನಿಂದ ಅವಳು ಬೀಗ ತಿರುಗಿಸಿದ ಸದ್ದಾಯಿತು. ಅತ್ತೆ ಆಗಲೇ ಮೆಟ್ಟಿಲಿಳಿಯುತ್ತಿದ್ದರು.