ಹದಿನಾಲ್ಕನೇ ರಾಶಿ

ಹಿಂದೂಪುರದ ಹುಣಸೆ ಮಂಡಿಯಲ್ಲಿ ನನಗೆ ಕೆಲಸ ಕೊಡಿಸಿದವರು ಅಪ್ಪನ ಗೆಳೆಯರು. ಅಪ್ಪನಿಗಿಂತ ದೊಡ್ಡವರಾದ್ದರಿಂದ ನಾನು ಅವರನ್ನು ದೊಡ್ಡಪ್ಪ ಅನ್ನುತ್ತಿದ್ದೆ. ಆ ಮಂಡಿಯ ಹಳೆಯ ಗುಮಾಸ್ತರು ಅವರು. ಎಂಬತ್ತರ ದಶಕದ ಕೊನೆ; ನಾನು ಇಂಟರ್‌ಮೀಡಿಯೆಟ್ ಫೇಲಾಗಿ ಎರಡು ವರ್ಷದಿಂದ ಕಲ್ಯಾಣದುರ್ಗದ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಒಂದು ಭಾನುವಾರ ದೊಡ್ಡಪ್ಪ ನಮ್ಮಲ್ಲಿ ಊಟಕ್ಕೆ ಬಂದವರು, ನನ್ನ ಕಡೆ ತಿರುಗದೆಯೇ ಅಪ್ಪನಿಗೆ ಹೇಳಿದರು: "ಇವನ್ನ ನನ್ ಜೊತೆ ಕಳ್ಸು ಕಣಪ್ಪ. ನಮ್ ಹುಡ್ಗ ಅಂದ್ರೆ ಸಾವ್ಕಾರ್ರು ಇನ್ನೊಂದು ಮಾತಾಡಲ್ಲ."

ಅರ್ಜಿ ಬರೆಯಲಿಲ್ಲ, ಮಾರ್ಕ್ಸ್‌ ಕಾರ್ಡು ತೋರಿಸಲಿಲ್ಲ. ಸಾಹುಕಾರರು ನನ್ನನ್ನು ಒಮ್ಮೆ ನೋಡಿ, "ಮೀವಾಡೇನಾ?" ಎಂದು ತೆಲುಗಿನಲ್ಲಿ ಕೇಳಿದರು. "ನಮ್ಮೋನೇ" ಅಂದರು ದೊಡ್ಡಪ್ಪ. ಅಷ್ಟಕ್ಕೆ ಕೆಲಸ ಸಿಕ್ಕಿತು.

ಬೆಳಿಗ್ಗೆ ಹರಾಜಿಗೆ ಮುಂಚೆ ಅಂಗಳದಲ್ಲಿ ಹುಣಸೆಹಣ್ಣಿನ ರಾಶಿಗಳು ಸಾಲಾಗಿ ಬೀಳುತ್ತಿದ್ದವು. ದೊಡ್ಡಪ್ಪ ಒಂದೊಂದರ ಮುಂದೆಯೂ ಕುಕ್ಕರಗಾಲಲ್ಲಿ ಕೂತು, ಮೊಣಕೈವರೆಗೆ ಕೈ ತೂರಿಸಿ, ಒಂದು ಎಳೆ ಚೀಪಿ, ಹೊಸದು ಅಥವಾ ಹಳೇದು ಎಂದು ಹೇಳಬೇಕು. ಅದನ್ನು ಚೀಟಿಯಲ್ಲಿ ಬರೆದು ರಾಶಿಗೆ ಸಿಕ್ಕಿಸುವುದು ನನ್ನ ಕೆಲಸ. ಕೊಳ್ಳುವವರು ರಾಶಿಯನ್ನು ನೋಡಲು ಹೋಗದೆ, ಆ ಚೀಟಿಯನ್ನು ನಂಬಿ ಬೆಲೆ ಕೂಗುತ್ತಿದ್ದರು.

ದೊಡ್ಡಪ್ಪನ ಹೆಂಡತಿ ತೀರಿಕೊಂಡಿದ್ದರು. ಮಾರ್ಕೆಟ್ಟಿನ ಹಿಂದೆ ಅವರದೊಂದು ಬಾಡಿಗೆ ಕೋಣೆ. ನಾನೂ ಅಲ್ಲೇ ಇಳಿದೆ. ಮೊದಲ ದಿನ ಸಂಜೆ ಅವರು ಬಾಗಿಲು ಮುಂದೆ ಮಾಡಿ ಕೂತರು.

"ಲೋ, ನಂಗೆ ಕಣ್ಣು ಮಂಜಾಗೋಗೈತೆ. ಇನ್ನು ಬರಾಕಿಲ್ಲ ಅಂದ್ಬುಟ್ರು ಡಾಕ್ಟ್ರು. ಮಂಡೀಲಿ ಯಾರ್ಗೂ ಗೊತ್ತಿಲ್ಲ. ಕೈಯಾಗೆ ಮುಕ್ಕಾಲು ತಿಳೀತೈತೆ. ಆದ್ರೆ ಕೋಲ್ಡ್ ಸ್ಟೋರೇಜಿಂದ ತಂದ ಹಳೇ ಹಣ್ಣು ಐತಲ್ಲ, ಕೈಗೆ ಹೊಸದ್ರಂಗೇ ಮೆತ್ತಗೆ ಸಿಕ್ತೈತೆ. ಬಣ್ಣ ನೋಡೇ ಹೇಳ್ಬೇಕು. ಅದ್ಕೇ ನೀನು."

ನನಗೆ ಕೆಲಸ ಯಾಕೆ ಸಿಕ್ಕಿತು ಎಂಬುದು ಆಗ ತಿಳಿಯಿತು. ನೋವಾಯಿತು ಎಂದರೆ ಹೆಚ್ಚಾಗುತ್ತದೆ. ಏನೂ ಆಗಲಿಲ್ಲ ಎಂದರೂ ಸುಳ್ಳು.

ನಮ್ಮಿಬ್ಬರಲ್ಲಿ ಒಂದು ಒಪ್ಪಂದವಾಯಿತು. ಹಣ್ಣು ಕೆಂಪಗಿದ್ದರೆ ನಾನು ಸುಮ್ಮನಿರಬೇಕು. ಕಪ್ಪಾಗಿದ್ದರೆ, "ದೊಡ್ಡಪ್ಪಾ, ನೀರ್ ಕೊಡ್ಲಾ?" ಎಂದು ಕೇಳಬೇಕು. ಅವರು ಬೇಡ ಎಂದು ತಲೆಯಾಡಿಸಿ, "ಹಳೇದು ಬರಿ" ಅನ್ನುತ್ತಿದ್ದರು. ಕೆಲವೊಮ್ಮೆ ಅನುಮಾನ ಬಾರದಿರಲಿ ಎಂದು ನಿಜಕ್ಕೂ ಕುಡಿಯುತ್ತಿದ್ದರು.

ಮೂರು ತಿಂಗಳು ಹೀಗೆ ನಡೆಯಿತು. ಒಂದು ಚೀಟಿಯೂ ತಪ್ಪಲಿಲ್ಲ. ಆದರೆ ಆ ಊರಿನಲ್ಲಿ ನಾನು ಆಡಿದ ಮಾತು ಹೆಚ್ಚುಕಡಿಮೆ ಅದೊಂದೇ. ಗುಟ್ಟು ಬಾಯಿಗೆ ಬಂದೀತೆಂದು ಯಾರ ಜೊತೆಗೂ ಬೆರೆಯಲಿಲ್ಲ. ಸಂಜೆ ರೈಲ್ವೆ ಸ್ಟೇಷನ್ನಿಗೆ ಹೋಗಿ, ಬೆಂಗಳೂರಿನ ರೈಲಿಗೆ ಕಾಯುವವರ ಪಕ್ಕ, ನಾನೂ ಹೊರಟವನಂತೆ ಬೆಂಚಿನ ಮೇಲೆ ಕೂತಿದ್ದು ಬರುತ್ತಿದ್ದೆ.

ಹಮಾಲರು ನನಗೆ ತಂಬಿಗೆ ಎಂದು ಹೆಸರಿಟ್ಟಿದ್ದರು. ಒಂದು ದಿನ ಬೆಳಿಗ್ಗೆ ಅವರಲ್ಲೊಬ್ಬ ಮೂಟೆ ಇಳಿಸುತ್ತಾ ಕೂಗಿದ: "ಏ ತಂಬಿಗೆ, ನಿಮ್ ದೊಡ್ಡಪ್ಪನ ಹೊಟ್ಟೇಲಿ ಬಾವಿ ಐತೇನ್ಲಾ? ಇಷ್ಟ್ ನೀರು ಎಮ್ಮೇನೂ ಕುಡಿಯಾಕಿಲ್ಲ!" ಬೀಜ ಬಿಡಿಸುತ್ತಿದ್ದ ಹೆಂಗಸರು ನಕ್ಕರು. ನನ್ನ ವಯಸ್ಸಿನವಳೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು, ಬೇರೆಯವರೆಲ್ಲ ನಿಲ್ಲಿಸಿದ ಮೇಲೂ ನಗುತ್ತಿದ್ದಳು.

ಅಷ್ಟರಲ್ಲಿ ನಾವು ಹದಿನಾಲ್ಕನೇ ರಾಶಿಗೆ ಬಂದಿದ್ದೆವು. ದೊಡ್ಡಪ್ಪ ಕೂತು ಕೈ ತೂರಿಸಿದರು. ಹಣ್ಣು ಕಪ್ಪಾಗಿತ್ತು. ನೆರಳಿನಿಂದ ಹಾಗೆ ಕಂಡಿತೇ ಎಂದರೆ, ಇಲ್ಲ. ರಾಶಿ ಬಿಸಿಲಿನಲ್ಲಿತ್ತು.

ನಾನು ನೀರು ಕೇಳಲಿಲ್ಲ.

ಅವರು ಕಾದರು. ಕೈ ರಾಶಿಯೊಳಗೇ ಇತ್ತು, ಕಿವಿ ನನ್ನ ಕಡೆ ಸ್ವಲ್ಪ ವಾಲಿತ್ತು. ಇನ್ನೊಂದು ಎಳೆ ಚೀಪಿ ಸಮಯ ತೆಗೆದುಕೊಂಡರು. ಹುಡುಗಿ ಇನ್ನೂ ನಮ್ಮನ್ನೇ ನೋಡುತ್ತಿದ್ದಳು. "ಹೊಸದು ಬರಿ" ಅಂದರು. ಬರೆದೆ. ಆಗ ಕೂಡ ಒಂದು ಮಾತು ಹೇಳಬಹುದಿತ್ತು. ಚೀಟಿ ಸಿಕ್ಕಿಸಿ ಮುಂದಿನ ರಾಶಿಗೆ ಹೋದೆ.

ಮಧ್ಯಾಹ್ನ, ಅದನ್ನು ಕೊಂಡಿದ್ದ ತಮಿಳುನಾಡಿನ ವ್ಯಾಪಾರಿ ಒಂದು ಹಿಡಿ ಹಣ್ಣು ತಂದು ಸಾಹುಕಾರರ ಮೇಜಿನ ಮೇಲೆ ಬಡಿದ. "ಇದಾ ಹೊಸದು? ಕಣ್ಣಿದ್ದೋನು ಬರೆಯೋ ಚೀಟಿಯಾ ಇದು?" ಹಮಾಲರೆಲ್ಲ ಬಾಗಿಲಲ್ಲಿ ಗುಂಪುಗೂಡಿದರು.

ಸಾಹುಕಾರರು ದೊಡ್ಡಪ್ಪನನ್ನು ಏನೂ ಕೇಳಲಿಲ್ಲ. ನನ್ನ ಕಡೆ ತಿರುಗಿ, ಮೆಲ್ಲಗೆ, "ಇವತ್ತು ಯಾಕಯ್ಯಾ ನೀರು ಕೇಳ್ಲಿಲ್ಲ?" ಅಂದರು.

ಅವರಿಗೆ ಗೊತ್ತಿತ್ತು. ಬಾಗಿಲಲ್ಲಿ ನಿಂತವರ ಮುಖ ನೋಡಿದೆ, ಒಬ್ಬರಿಗೂ ಆಶ್ಚರ್ಯವಾಗಿರಲಿಲ್ಲ. ಚೀಟಿ ಸರಿಯಿರುವ ತನಕ ಅವರೆಲ್ಲ ನಗುನಗುತ್ತಲೇ ಆ ಮುದುಕರನ್ನು ಕಾಪಾಡಿಕೊಂಡು ಬಂದಿದ್ದರು.

"ಹೊರಗಿನೋರ ಮುಂದೆ ಮಂಡಿ ಮಾತು ಹೋದ್ಮೇಲೆ ನಾನೇನ್ ಮಾಡ್ಲಿ ಹೇಳಿ," ಎಂದು ಸಾಹುಕಾರರು ದೊಡ್ಡಪ್ಪನಿಗೆ ಹೇಳಿದರು. ದೊಡ್ಡಪ್ಪ ಎದ್ದು, ಎಲ್ಲರೆದುರಿಗೆ ಕಾಲಿನಿಂದ ನೆಲ ತಡವಿ ಚಪ್ಪಲಿ ಹುಡುಕಿಕೊಂಡರು. "ನಾಳೆಯಿಂದ ನೀನೇ ನೋಡು, ನೀನೇ ಬರಿ," ಎಂದು ಸಾಹುಕಾರರು ನನಗೆ ಹೇಳಿದರು. ನಾನು "ಆಗ್ಲಿ" ಅಂದೆ. ಆ ಮಾತು ಎಷ್ಟು ಬೇಗ ಬಂತು ಎಂಬುದು ನನಗೆ ನೆನಪಿದೆ.

ಕೋಣೆಯಲ್ಲಿ ದೊಡ್ಡಪ್ಪ ಬಟ್ಟೆ ಮಡಿಸುತ್ತಾ ಕೇಳಿದರು: "ಕಾಣಿಸ್ತೇನೋ ನಿಂಗೆ, ಕಪ್ಪಗಿರೋದು?"

"ಕಾಣಿಸ್ತು, ದೊಡ್ಡಪ್ಪ."

"ಹೂಂ." ಇನ್ನೊಂದು ಪಂಚೆ ಮಡಿಸಿಟ್ಟು, "ಕಲ್ಯಾಣದುರ್ಗಕ್ಕೆ, ಮಗಳ ಮನೆಗೆ ಹೋಯ್ತೀನಿ. ಬಾಡ್ಗೆ ಕೋಣೆ ನೀನೇ ಇಟ್ಕೋ," ಅಂದರು. ಬೈಯಲಿ ಎಂದು ನಾನು ಕಾಯುತ್ತಾ ಕೂತಿದ್ದೆ. ಅವರು ಬೈಯಲಿಲ್ಲ.

ಮಾರನೇ ದಿನ ಬೆಳಿಗ್ಗೆ ಚೀಲ ಹೊತ್ತು ಅವರ ಜೊತೆ ಬಸ್‌ಸ್ಟ್ಯಾಂಡಿಗೆ ಹೋದೆ. ದಾರಿಯುದ್ದಕ್ಕೂ ಒಂದು ಗೇಣು ಅಂತರ ಬಿಟ್ಟುಕೊಂಡೇ ನಡೆದರು. ಮೂರು ಬಸ್ಸು ನಿಂತಿದ್ದವು. ನಾನು ಅವರ ಬಲಗಡೆ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತು ಬೋರ್ಡುಗಳನ್ನು ಓದಿದ್ದೆ. ಹೇಳಲು ಬಾಯಿ ತೆರೆಯುತ್ತಿದ್ದೆ. ಅಷ್ಟರಲ್ಲಿ ಅವರು ಎಡಕ್ಕೆ ತಿರುಗಿ, ಯಾರೋ ಹಾದುಹೋಗುತ್ತಿದ್ದ ಸದ್ದು ಹಿಡಿದು, ಆ ಅಪರಿಚಿತನನ್ನು ಕೇಳಿದರು:

"ಅಣ್ಣಾ, ಕಲ್ಯಾಣದುರ್ಗದ ಬಸ್ಸು ಯಾವುದಪ್ಪಾ?"