ಸತ್ತವರನ್ನೂ ತೋರಿಸಬೇಕೆ?

ಹಾಲಾಡಿ ಕಡೆಯ ಒಂದು ಹಾಲಿನ ಸೊಸೈಟಿಯ ಕಂಪ್ಯೂಟರಿನಲ್ಲಿ ಸದಸ್ಯರ ಹೆಸರು ಹುಡುಕಿಕೊಡುತ್ತಿದ್ದ ಲೈಬ್ರರಿ, ಅಂದರೆ ಪ್ರೋಗ್ರಾಮಿನ ತುಣುಕು, ನಾನು ಬರೆದದ್ದು. ಕಾರ್ಯದರ್ಶಿಗಳದ್ದು ಒಂದೇ ದೂರು: "ಮಹಾಸಭೆಗೆ ನೋಟೀಸ್ ಕಳ್ಸುಕೆ ಹೊರಟ್ರೆ ಸತ್ತವ್ರ ಹೆಸ್ರೂ ಬತ್ತ್ ಮಾರಾಯ್ರೆ."

ಇದೇನು ಮಹಾ ಎಂದುಕೊಂಡು ಹುಡುಕಾಟಕ್ಕೆ ಒಂದು ಐಚ್ಛಿಕ ಪ್ಯಾರಾಮೀಟರ್, ಅಂದರೆ ಉತ್ತರಿಸದಿದ್ದರೂ ನಡೆಯುವ ಒಂದು ಪ್ರಶ್ನೆ, ಸೇರಿಸಿದೆ: ಸತ್ತವರನ್ನೂ ತೋರಿಸಬೇಕೆ? ಯಾರೂ ಏನೂ ಹೇಳದಿದ್ದರೆ ಕಂಪ್ಯೂಟರ್ 'ಬೇಡ' ಎಂದು ತಿಳಿಯಬೇಕು. ಬದುಕಿದ್ದವರ ಕಡೆ ವಾಲುವುದರಲ್ಲಿ ತಪ್ಪೇನಿದೆ?

ಮರುದಿನ ಬೆಳಿಗ್ಗೆ ನಾನೂ ಸೊಸೈಟಿಯಲ್ಲೇ ಕೂತಿದ್ದೆ. ಮೊದಲು ಬಂದ ಗಿರಿಜಕ್ಕ ಹಾಲಿನ ಕ್ಯಾನ್ ಇಟ್ಟು, ಲೆಕ್ಕ ಬರೆಸಲು ಗಂಡನ ಹೆಸರು ಹೇಳಿದರು. ಅಂಥವರು ಯಾರೂ ಇಲ್ಲ ಎಂದಿತು ಕಂಪ್ಯೂಟರ್. ಹಿಂದಿದ್ದವರು ಹೇಳಿದ ಹೆಸರೂ ಇಲ್ಲ, ಅವರ ಹಿಂದಿನದೂ ಇಲ್ಲ. ಕ್ಯೂ ರಸ್ತೆಗೆ ಬಂತು.

"ಹ್ವಾಯ್, ಹಾಲ್ ಒಡೀತ್!" ಎಂದು ಯಾರೋ ಕೂಗಿದರು.

"ನಿಮ್ಮ ಯಜಮಾನರು..." ಎಂದು ನಾನು ಗಿರಿಜಕ್ಕನತ್ತ ತಿರುಗಿ ತಡವರಿಸಿದೆ.

"ಅವ್ರ್ ಹೋಯಿ ಹನ್ನೊಂದ್ ವರ್ಷ ಆಯ್ತ್. ಹಾಲ್ ಅವ್ರ್ ಹೆಸ್ರಂಗೇ ಬಪ್ಪುದ್. ಇವತ್ತ್ ಎಂತ ಆಯ್ತ್?"

ಅವರನ್ನು ಅಡಗಿಸಿದವನು ನಾನೇ ಎನ್ನುವ ಧೈರ್ಯ ಬರಲಿಲ್ಲ. ತಲೆ ತಗ್ಗಿಸಿ 'ಬೇಡ'ವನ್ನು 'ಬೇಕು' ಮಾಡಿದೆ. ಹೆಸರು ಥಟ್ಟನೆ ಬಂತು.

ಗಿರಿಜಕ್ಕ ಪರದೆಯನ್ನೇ ನೋಡಿದರು. "ಬದ್ಕಿದ್ದಾಗ ಕರದ್ರೆ ಇಷ್ಟ್ ಬೇಗ ಬತ್ತಿರ್ಲಿಲ್ಲ."

ನೋಟೀಸು ಕಳಿಸುವಾಗ ಮಾತ್ರ 'ಬೇಡ' ಒತ್ತಿ ಎಂದು ಕಾರ್ಯದರ್ಶಿಗಳಿಗೆ ತೋರಿಸಿಕೊಟ್ಟು ಬಂದೆ. ಅವರು ಇವತ್ತಿನವರೆಗೂ ಒತ್ತಿಲ್ಲ. ಕೇಳಿದರೆ, "ದಿನಾ ಹಾಲ್ ಹಾಕುವವ್ರನ್ನ ಸಭೆಗ್ ಕರೀದೆ ಇಪ್ಪುಕೆ ಆತ್ತಾ?" ಎನ್ನುತ್ತಾರೆ.