ಅವ್ವ ಹೇಳಿದ ಹೆಸರು

ನಾನು ಚಿಕ್ಕವಳಿದ್ದಾಗ ನಮ್ಮ ಹಟ್ಟಿಗೆ ಜೀಪು ಬರುತ್ತಿದ್ದುದು ಎಲೆಕ್ಷನ್ ಬಂದಾಗ ಮಾತ್ರ. ಚಳ್ಳಕೆರೆ ಸೀಮೆಯಲ್ಲಿ, ವರವು ಕಾವಲಿನ ಹುಲ್ಲುಗಾವಲಿನ ಅಂಚಿಗೆ ನಮ್ಮದು ಇಪ್ಪತ್ತು ಮನೆಗಳ ಕುರಿಗಾಹಿಗಳ ಹಟ್ಟಿ. ಮೊಳಕಾಲ್ಮೂರಿನ ಕಡೆ ತೆಲುಗಿನಲ್ಲಿ ಓಟು ಕೇಳಿದ ಮೈಕು, ಚಳ್ಳಕೆರೆ ಪೇಟೆಯಲ್ಲಿ ಉರ್ದುವಿನಲ್ಲೂ ಎರಡು ಮಾತಾಡಿ, ನಮ್ಮಲ್ಲಿಗೆ ಬರುವ ಹೊತ್ತಿಗೆ ಕನ್ನಡಕ್ಕೆ ತಿರುಗಿರುತ್ತಿತ್ತು. ಅಷ್ಟು ದೊಡ್ಡದು ನಮ್ಮ ಲೋಕಸಭಾ ಕ್ಷೇತ್ರ. ನಾವು ಮಕ್ಕಳು ಧೂಳು ಕುಡಿಯುತ್ತ ಜೀಪಿನ ಹಿಂದೆ ಓಡಿ ಬಣ್ಣದ ಕರಪತ್ರ ಆರಿಸಿಕೊಳ್ಳುತ್ತಿದ್ದೆವು.

ಬಂದವರು ಗಂಡಸರ ಜೊತೆ ಕಟ್ಟೆಯ ಮೇಲೆ ಕೂತು ಮಾತಾಡಿ ಹೋಗುವರು. ಒಂದು ಸಲ ಮಾತ್ರ ಅವ್ವ ತಲೆಯ ಮೇಲಿನ ಕೊಡ ಇಳಿಸದೆಯೇ ಜೀಪಿನ ಮುಂದೆ ಹೋಗಿ ನಿಂತಳು.

"ನಮ್ ಹಟ್ಟಿಗೊಂದು ಬೋರಿಂಗ್ ಹಾಕ್ಸಿ ಕೊಡ್ರಿ. ನೀರಿಗೆ ಭಾಳ ದೂರ ನಡೀತೀವಿ" ಎಂದಳು.

"ಓಟು ಹಾಕಮ್ಮ, ಹಾಕ್ಸೋಣ" ಎಂದು ಅವರಲ್ಲೊಬ್ಬರು ನಕ್ಕರು.

ಪಕ್ಕದಲ್ಲಿದ್ದ ಚಿಕ್ಕಪ್ಪ, "ನಮ್ಮತ್ತಿಗೆ ಎಲ್ಲಿ ಓಟು ಹಾಕ್ತಾಳ್ರಿ, ಹೋದ್ಸಲ ಬೂತಿಗೆ ಹೋಗಿ ಹಂಗೇ ವಾಪಸ್ ಬಂದೋಳು" ಎಂದುಬಿಟ್ಟ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಅವ್ವನ ಮುಖ ಸಣ್ಣದಾಯಿತು.

ಚಿಕ್ಕಪ್ಪ ಹೇಳಿದ್ದೇನೋ ನಿಜವೇ. ಆಗೆಲ್ಲ ಹೆಂಡತಿಯಾದವಳು ಗಂಡನ ಹೆಸರು ಹೇಳುವಂತಿರಲಿಲ್ಲ. ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂಬ ಭಯ. ಅಪ್ಪನದಂತೂ ಮನೆದೇವರ ಹೆಸರು. ಹಾಗಾಗಿ ಅವ್ವ ಪಾಪ, ದೇವರನ್ನೂ ಹೆಸರು ಹಿಡಿದು ಕರೆಯುವಂತಿರಲಿಲ್ಲ. "ಗುಡ್ಡದಯ್ಯ, ಕಾಪಾಡಪ್ಪ" ಎಂದು ಕೈಮುಗಿಯುತ್ತಿದ್ದಳು. ದೇವರಿಗೆ ಅದು ತಿಳಿಯುತ್ತಿತ್ತು, ಬೂತಿನವರಿಗೆ ತಿಳಿಯುತ್ತಿರಲಿಲ್ಲ. ನಮ್ಮದು ನಾಯಕನಹಟ್ಟಿ ಸ್ವಾಮಿಯನ್ನು ನಂಬಿದ ಸೀಮೆ. ಹೆಣ್ಣು ಹುಟ್ಟಿದರೆ ಆ ಸ್ವಾಮಿಯ ಹೆಸರಿನ ಮೇಲೆ ತಿಪ್ಪಮ್ಮ ಎಂದು ಹೆಸರಿಡುವವರೇ ಬಹಳ. ನಮ್ಮ ಹಟ್ಟಿಯಲ್ಲೇ ಅವ್ವನೂ ಸೇರಿ ನಾಲ್ವರು ತಿಪ್ಪಮ್ಮಂದಿರು. ಓಟಿನ ಪಟ್ಟಿಯಲ್ಲಿ ಯಾರು ಯಾವ ತಿಪ್ಪಮ್ಮ ಎಂದು ತಿಳಿಯಬೇಕಾದರೆ ಗಂಡನ ಹೆಸರು ಹೇಳಲೇಬೇಕಿತ್ತು.

ಈ ಸಲ ಅವ್ವ ಒಂದು ಉಪಾಯ ಮಾಡಿದ್ದಳು. ಮಕ್ಕಳು ಅಪ್ಪನ ಹೆಸರು ಹೇಳಬಹುದಲ್ಲ? ನನ್ನನ್ನು ಜೊತೆಗೆ ಕರೆದುಕೊಂಡು ಹೋಗುವುದು, ಬೂತಿನಲ್ಲಿ ನಾನು ಹೆಸರು ಹೇಳುವುದು, ಅವಳು ಓಟು ಹಾಕುವುದು. ಅಂಥ ದೊಡ್ಡ ಕೆಲಸ ನನಗೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ.

ಓಟಿನ ದಿನ ಅಪ್ಪ ನಸುಕಿಗೇ ಹೋಗಿ ಓಟು ಹಾಕಿ ಬಂದು ಕುರಿ ಹೊಡೆದುಕೊಂಡು ಕಾವಲಿಗೆ ಹೊರಟ. ತೋಳದ ಕಾಟವಿದ್ದುದರಿಂದ ಕುರಿ ಬಿಟ್ಟು ಇಬ್ಬರೂ ಒಟ್ಟಿಗೆ ಹೋಗುವಂತಿರಲಿಲ್ಲ. ಆಮೇಲೆ ನಾನೂ ಅವ್ವನೂ ಹೊರಟೆವು. ಬೂತು ಇದ್ದದ್ದು ಕಾವಲಿನಾಚೆಯ ಊರಿನ ಶಾಲೆಯಲ್ಲಿ. ಮೊಳಕಾಲುದ್ದ ಬೆಳೆದ ಹುಲ್ಲು ಬಿಸಿಲಿಗೆ ಒಣಗಿ, ಕಾಲಿಗೆ ತಾಗಿದಾಗ ಸರಸರ ಸದ್ದು ಮಾಡುತ್ತಿತ್ತು. ದೂರದಲ್ಲಿ ಅಮೃತಮಹಲ್ ದನಗಳು ಕೊಂಬೆತ್ತಿ ನಮ್ಮನ್ನೇ ನೋಡುತ್ತಿದ್ದವು. ಅವ್ವ ಟ್ರಂಕಿನಿಂದ ತೆಗೆದು ಉಟ್ಟಿದ್ದ ಸೀರೆಯಿಂದ ನುಸಿಗುಳಿಗೆಯ ವಾಸನೆ, ಸೆರಗಿನ ಗಂಟಿನಲ್ಲಿದ್ದ ಹುರಿದ ಶೇಂಗಾದ ವಾಸನೆ ಎರಡೂ ಬರುತ್ತಿದ್ದವು. ನಾನು ದಾರಿಯುದ್ದಕ್ಕೂ ಅಪ್ಪನ ಹೆಸರನ್ನು ಬಾಯಿಪಾಠ ಮಾಡುತ್ತ ನಡೆದೆ.

"ಮೆಲ್ಲಗೆ ಹೇಳೇ, ನನ್ ಕಿವೀಗೆ ಬೀಳಂಗೆ ಹೇಳ್ಬೇಡ" ಎಂದು ಅವ್ವ ಗದರಿದಳು.

ಶಾಲೆಯ ಬಾಗಿಲಲ್ಲಿ ಲಾಠಿ ಹಿಡಿದ ಪೊಲೀಸಿನವರಿದ್ದರು. "ಮಗೀನ ಒಳಗೆ ಬಿಡಂಗಿಲ್ಲ" ಎಂದು ನನ್ನನ್ನು ತಡೆದರು. ನಾನು ಅತ್ತೆ. ಅವ್ವ ಬೇಡಿಕೊಂಡಳು. ಅವರು ಜಗ್ಗಲಿಲ್ಲ. ಹಿಂದಿನವರು ತಳ್ಳಿದ್ದಕ್ಕೆ ಅವ್ವ ಒಬ್ಬಳೇ ಒಳಗೆ ಹೋದಳು. ನಾನು ಕಿಟಕಿಯ ಕೆಳಗಿನ ಕಲ್ಲಿನ ಮೇಲೆ ಹತ್ತಿ, ಸರಳು ಹಿಡಿದು ಇಣುಕಿದೆ.

ಮೇಜಿನ ಹಿಂದಿದ್ದ ಸಾಹೇಬರು ಪರಸ್ಥಳದವರು. "ಯಾವ ತಿಪ್ಪಮ್ಮ? ನಾಲ್ಕು ಜನ ಇದ್ದಾರೆ. ಗಂಡನ ಹೆಸರು ಹೇಳಿ" ಎಂದರು.

"ನಮ್ಮೋರು ಬೆಳಿಗ್ಗೇನೆ ಬಂದು ಹೋಗ್ಯಾರ್ರಿ. ಎತ್ತರಕ್ಕಿದಾರೆ, ಕಂಬ್ಳಿ ಹೊದ್ದಿದ್ರು" ಎಂದಳು ಅವ್ವ.

"ಕಂಬಳಿ ಹೊದ್ದವರು ಬೆಳಿಗ್ಗೆಯಿಂದ ಎಷ್ಟೋ ಜನ ಬಂದರಮ್ಮ. ಹೆಸರು ಬೇಕು."

"ಗುಡ್ಡದಯ್ಯನ ಹೆಸ್ರು ಐತಲ್ಲ ಸ್ವಾಮಿ, ಅದೇ."

ಸಾಹೇಬರಿಗೆ ನಮ್ಮ ಗುಡ್ಡವೂ ಗೊತ್ತಿಲ್ಲ, ಗುಡ್ಡದಯ್ಯನೂ ಗೊತ್ತಿಲ್ಲ. ಪಕ್ಷಗಳ ಕಡೆಯಿಂದ ಕೂತಿದ್ದ ಏಜೆಂಟರು ಆ ಊರಿನವರು. ಹಟ್ಟಿಯ ಹೆಂಗಸರ ಗುರುತು ಅವರಿಗೆ ಇರಲಿಲ್ಲ. "ನೆನಪಾಗುವವರೆಗೆ ಪಕ್ಕಕ್ಕೆ ನಿಲ್ಲಮ್ಮ" ಎಂದರು ಸಾಹೇಬರು. ಮರೆತಿದ್ದರೆ ತಾನೇ ನೆನಪಾಗುವುದು? ಅವ್ವ ಗೋಡೆಗೆ ಒರಗಿ ನಿಂತಳು. ಅವಳ ಹಿಂದಿದ್ದವರೆಲ್ಲ ಒಬ್ಬೊಬ್ಬರಾಗಿ ಮುಂದೆ ಹೋದರು. ನನಗೆ ತಡೆಯಲಾಗಲಿಲ್ಲ. ಕಿಟಕಿಯಿಂದಲೇ ಕೂಗೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಪೊಲೀಸಿನವರು ರಟ್ಟೆ ಹಿಡಿದು ಕೆಳಗಿಳಿಸಿದರು.

ಆಗ ಒಳಗಿನಿಂದ ಅಪ್ಪನ ಹೆಸರು ಕೇಳಿಸಿತು. ಹೇಳಿದವಳು ಅವ್ವ. ಜೋರಾಗಿಯೇನೂ ಹೇಳಲಿಲ್ಲ, ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿತು.

ಹೊರಗೆ ಬಂದಾಗ ಅವಳ ಬೆರಳಿಗೆ ಶಾಯಿ ಹತ್ತಿತ್ತು. ಮುಖದಲ್ಲಿ ಮಾತ್ರ ಒಂಚೂರೂ ಸಂತೋಷವಿರಲಿಲ್ಲ. "ಬಿರ್‍ರನೆ ನಡಿ" ಎಂದಳು. ಸ್ವಲ್ಪ ದೂರ ನಡೆದು, ಆಮೇಲೆ ಓಡತೊಡಗಿದಳು. ಶೇಂಗಾದ ಗಂಟು ಬಿಚ್ಚಿ ದಾರಿಯುದ್ದಕ್ಕೂ ಚೆಲ್ಲಿತು, ಅವಳು ತಿರುಗಿ ನೋಡಲಿಲ್ಲ. ಅಪ್ಪನಿಗೆ ಹಾವು ಕಚ್ಚಿರಬಹುದೇ, ತೋಳ ಮೇಲೆ ಬಿದ್ದಿರಬಹುದೇ ಎಂದು ನಾನೂ ಹೆದರಿ ಅಳುತ್ತ ಓಡಿದೆ. ದಿಬ್ಬ ಹತ್ತಿ ನೋಡಿದರೆ ಕುರಿಗಳು ಮೇಯುತ್ತಿದ್ದವು, ಅಪ್ಪ ಎಲ್ಲೂ ಕಾಣಲಿಲ್ಲ. ಅವ್ವ ಎದೆ ಹಿಡಿದುಕೊಂಡು ನಿಂತುಬಿಟ್ಟಳು.

ಅಷ್ಟರಲ್ಲಿ ಜಾಲಿಮರದ ನೆರಳಿನಿಂದ ಅಪ್ಪ ಕಂಬಳಿ ಕೊಡವಿಕೊಂಡು ಎದ್ದ. ಅವ್ವ ಕುಸಿದು ಕೂತು ಗೊಳೋ ಎಂದು ಅತ್ತಳು.

"ತಪ್ಪಾಯ್ತುರಿ. ನಿಮ್ ಹೆಸ್ರು ಹೇಳ್ಬಿಟ್ಟೆ."

ಅಪ್ಪ ತನ್ನ ಎದೆ, ತೋಳು ಎಲ್ಲ ಮುಟ್ಟಿ ನೋಡಿಕೊಂಡ. "ಗಟ್ಟಿಯಾಗೇ ಇದೀನಲ್ಲೇ" ಎಂದು ನಕ್ಕ. ಆಮೇಲೆ ಮೆಲ್ಲಗೆ, "ಬೂತಿನಾಗೆ ಎಲ್ಲಾರ್ಗೂ ಕೇಳ್ಸಿದೀಯ. ನನಗೂ ಒಂದ್ಸಲ ಹೇಳು" ಎಂದ.

"ಥೂ, ಹೋಗ್ರಿ" ಎಂದು ಅವ್ವ ಕಣ್ಣೊರೆಸಿಕೊಂಡಳು.

"ಹೋಗ್ಲಿ, ಯಾರಿಗೆ ಹಾಕ್ದೆ? ಅದನ್ನಾರ ಹೇಳು."

"ಅದನ್ನ ಹೇಳಂಗಿಲ್ಲ. ಸಾಹೇಬ್ರು ಹೇಳಿದಾರೆ."

ಅಪ್ಪ ಅದಾದ ಮೇಲೆ ಬಹಳ ವರ್ಷ ಗುಂಡುಕಲ್ಲಿನಂತೆ ಇದ್ದ. ಪ್ರತಿ ಎಲೆಕ್ಷನ್ನಿಗೂ ಅವ್ವ ಹೆಸರು ಹೇಳಿಯೇ ಓಟು ಹಾಕಿದಳು, ಮನೆಯಲ್ಲಿ ಮಾತ್ರ ಒಮ್ಮೆಯೂ ಹೇಳಲಿಲ್ಲ. ಹಟ್ಟಿಗೆ ಬೋರಿಂಗೂ ಬಂತು, ತಡವಾಗಿ. ಆ ಸಲ ಗೆದ್ದವರು ಹಾಕಿಸಿದರೋ ಅವರನ್ನು ಸೋಲಿಸಿ ಬಂದವರು ಹಾಕಿಸಿದರೋ ನನಗೆ ನೆನಪಿಲ್ಲ. ಒಬ್ಬರನ್ನೇ ಹಿಡಿದುಕೊಂಡು ಕೂರುವ ಜನ ನಾವಲ್ಲ.

ನಿಮ್ಮ ಕಾಲವೇ ಬೇರೆ, ಮಕ್ಕಳೇ. ಕುರಿ ಮೇಯುತ್ತಿದ್ದ ಕಾವಲಿಗೆ ಈಗ ಬೇಲಿ ಬಂದಿದೆ. ಕುದಾಪುರದ ಕಡೆ ಆಕಾಶದ ವಿಜ್ಞಾನ ಓದಿದವರ ದೊಡ್ಡ ದೊಡ್ಡ ಕಟ್ಟಡಗಳಿವೆ. ನಿಮ್ಮಮ್ಮ ಅಡುಗೆಮನೆಯಿಂದಲೇ ನಿಮ್ಮಪ್ಪನನ್ನು ಹೆಸರು ಹಿಡಿದು ಕೂಗುತ್ತಾಳೆ. ಅವನು ಏಳುವುದಿಲ್ಲ ಎನ್ನುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ. ಬೂತಿನಲ್ಲಿ ಫೋಟೋ ಇರುವ ಕಾರ್ಡು ತೋರಿಸಿದರೆ ಆಯಿತು, ಗುಂಡಿ ಒತ್ತಿದರೆ ಮುಗಿಯಿತು. ಇದೆಲ್ಲ ನೋಡಿ ನನಗೆ ಸಂತೋಷವೇ ಆಗುತ್ತದೆ.

ಆದರೆ ಹೋದ ಸಲ ನಮ್ಮ ದೊಡ್ಡ ಮೊಮ್ಮಗಳು, "ಈ ಬಿಸಿಲಲ್ಲಿ ಯಾರು ಹೋಗ್ತಾರೆ ಅಜ್ಜಿ, ನನ್ನದೊಂದು ಓಟಿನಿಂದ ಏನಾಗುತ್ತೆ?" ಎಂದಾಗ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಪ್ಪನ ಜೀವಕ್ಕೇ ಕುತ್ತು ಬರುತ್ತದೆ ಎಂದು ನಂಬಿದ್ದವಳು ಅವ್ವ. ನಂಬಿಯೂ ಹೆಸರು ಹೇಳಿದಳು. ಮೊಮ್ಮಗಳ ಕೈ ಹಿಡಿದು ಬೂತಿಗೆ ಕರೆದುಕೊಂಡು ಹೋದೆ. ಒಳಗಿನವರು ಅವಳ ಹೆಸರೊಂದನ್ನೇ ಕೂಗಿದರು. ಯಾರ ಹೆಂಡತಿ, ಯಾರ ಮಗಳು ಎಂದು ಯಾರೂ ಕೇಳಲಿಲ್ಲ. ಅವಳು "ನಾನೇ" ಎಂದಳು.